ಡಬ್ಬಿಗೊಂದು ಬೊಟ್ಟು

ಕರೂರಿನ ಹೊಲಿಗೆ ಶೆಡ್ಡಿನಲ್ಲಿ
ನೀರಿನ ಡ್ರಮ್ಮಿನ ಮೇಲಿನ ಹಲಗೆಗೆ
ಮೂವತ್ತೊಂದು ಊಟದ ಡಬ್ಬಿ.
ಎಲ್ಲವೂ ಮಂಡಿಪೇಟೆಯ ಸ್ಟೀಲು,
ಒಂದೇ ಎತ್ತರ, ಒಂದೇ ಹೊಳಪು,
ಎಲ್ಲ ಮುಚ್ಚಳದೊಳಗೂ ಅದೇ ಟ್ಯೂಬ್‌ಲೈಟು.

ಹೆಸರಿಲ್ಲ ಅಂತಲ್ಲ.
ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಾರೆ:
'ಸೋದರಮಾವ ಹಾಲಪ್ಪ, ಹದಡಿ',
'ಗೃಹಪ್ರವೇಶದ ನೆನಪಿಗೆ',
ನನ್ನದರ ಮೇಲೆ, ನಾನು ಕಂಡೇ ಇರದ
ಗಂಡನ ಅಜ್ಜಿ.
ಉಣ್ಣುವವರದೊಂದು ಬಿಟ್ಟು
ಕೊಟ್ಟವರ ಹೆಸರೆಲ್ಲ ಇವೆ.

ಅದಕ್ಕೇ ಬೊಟ್ಟು. ಉಗುರುಬಣ್ಣದ್ದು.

ಮರುಳಮ್ಮನದು ಕೆಂಪು. ಅವನು ಹೋಗಿ ಎರಡು ವರ್ಷ,
ಹಣೆಗೆ ಬೇಡವೆಂದು ಊರು ಅಳಿಸಿದ್ದನ್ನು
ಮುಚ್ಚಳಕ್ಕೆ ಇಟ್ಟಿದ್ದಾಳೆ,
ಬೇಕಂತಲೇ ದೊಡ್ಡದು.
ಶಾಕಿರಾಳದು ಹಸಿರು.
'ಯಾಕಮ್ಮ, ಬಾವುಟದ್ದಾ?' ಅಂದ ಸೂಪರ್‌ವೈಸರು.
'ಅಲ್ಲ ಸಾರ್, ಹಸಿಮೆಣಸಿನಕಾಯಿದು.'
ತೆಗೆದು ತೋರಿಸಿಯೂ ಬಿಟ್ಟಳು.
ಕೊಟ್ರಮ್ಮನ ನೀಲಿ ಶೀಷೆಯ ತಳ ಕೆರೆದು ಬಂದದ್ದು,
ಬೊಟ್ಟಿಗಿಂತ ಗೀರೇ ಜಾಸ್ತಿ.

ನನಗೆ ಉಳಿದದ್ದು ಬಿಳಿ.
ಸ್ಟೀಲಿನ ಮೇಲೆ ಬಿಳಿ ಎಲ್ಲಿ ಕಾಣ್ತದೆ ಅಂದರು.
ಕಾಣ್ತದೆ.
ಒಂದು ಗಂಟೆಗೆ ಕಿಟಕಿಯ ಬಿಸಿಲು ಹಲಗೆ ಹತ್ತಿ
ಡಬ್ಬಿಗಳೆಲ್ಲ ಕಣ್ಣಿಗೆ ಚುಚ್ಚುವಾಗ
ಅದೊಂದೇ ಹೊಳೆಯುವುದಿಲ್ಲ:
ಸೈಕಲ್ಲಿನ ಮೂಟೆಯಿಂದ ರಸ್ತೆಗೆ ಜಾರಿ
ಯಾರೂ ತುಳಿಯದೆ ಉಳಿದ
ಒಂದು ಮಂಡಕ್ಕಿ ಕಾಳು.

ಅದನ್ನು ಅತ್ತೆ ಒಂದು ಭಾನುವಾರ
ತೆಂಗಿನ ನಾರು ಹಿಡಿದು ಕೂತು ತೆಗೆದರು.
'ಎಂಥದೋ ಸುಣ್ಣ ಹತ್ತಿತ್ತು ನೋಡು.'

ಸೋಮವಾರ ಮೂವತ್ತು ಕೈ ಮೂವತ್ತು ಡಬ್ಬಿ ಎತ್ತಿಕೊಂಡವು.
ಉಳಿದದ್ದು ನನ್ನದು, ಗುರುತು ಹಿಡಿಯಲು
ಅಷ್ಟೇನೂ ಕಷ್ಟವಾಗಲಿಲ್ಲ.
ಮರುಳಮ್ಮ ಮಾತಾಡಲಿಲ್ಲ.
ಚೀಲದಿಂದ ಶೀಷೆ ತೆಗೆದು, ಹಲ್ಲಲ್ಲಿ ಮುಚ್ಚಳ ತಿರುವಿ,
ಆ ಅಜ್ಜಿಯ ಹೆಸರಿನ ಪಕ್ಕ
ತನ್ನದೇ ಕೆಂಪನ್ನು ಇಟ್ಟಳು,
ಆರಲಿ ಎಂದು ಊದಿದಳು.

ಅತ್ತೆ ಈಗ ಅದನ್ನು ಮುಟ್ಟುವುದಿಲ್ಲ.
ಸುತ್ತಲೂ ತಿಕ್ಕಿ, ಅಲ್ಲಿಗೆ ಬಂದಾಗ
ನಾರು ತಾನೇ ತಿರುಗುತ್ತದೆ.
ಕುಂಕುಮ, ಅಳಿಸಬಾರದಂತೆ.
ಯಾರು ಇಟ್ಟರೆಂದು ಕೇಳಿಲ್ಲ,
ನಾನೂ ಹೇಳಿಲ್ಲ.

ಹಲಗೆಯ ಮೇಲೆ ಈಗ ಎರಡು ಕೆಂಪು.
ಆತುರದಲ್ಲಿ ಯಾವುದೋ ಒಂದಕ್ಕೆ ಕೈ ಹಾಕುತ್ತೇವೆ.
ಜೋಳದ ರೊಟ್ಟಿ, ಶೇಂಗಾ ಪುಡಿ ಇದ್ದರೆ ಅವಳದು,
ಚಿತ್ರಾನ್ನ ಇದ್ದರೆ ನನ್ನದು.
ತಿಳಿಯುತ್ತದೆ, ತೆರೆದ ಕೂಡಲೇ.
ಕೆಲವು ದಿನ
ತಿಳಿದ ಮೇಲೂ ಉಣ್ಣುತ್ತೇವೆ.