ಕಡ್ಲಿಬ್ಯಾಳಿಯಷ್ಟು

ಸೋಲಾಪುರದ ಡಾಕ್ಟರಬಾಯಿ ಮರಾಠಿಯೊಳಗ ಕೇಳಿದ್ಲು:
ಇಚ್ಛಾ ಹೋತೇ ಕಾ?
ಅದಽ ಶಬ್ದ ನಮ್ಮಲ್ಲೂ ಐತಿ,
ದೇವರ ಮುಂದ, ತಾಟಿನ ಮುಂದ ಅಷ್ಟಽ ತಗೀತೀವಿ.
ಹಾಸಿಗಿ ಮಾತಿಗೆ ನಮ್ಮವ್ವ ಯಾವ ಶಬ್ದಾನೂ ಕೊಟ್ಟು ಕಳಿಸಲಿಲ್ಲ.
ತಾಟು ಐತ್ರಿ, ಅಂದೆ. ಹಸಿವಿಲ್ಲ.

ಹದಿನಾರು ವರ್ಷ ಅಕ್ಕಲಕೋಟಿ ಡಿಪೋದಾಗ ಕಂಡಕ್ಟರ.
ಬಗಲಾಗ ಚರ್ಮದ ಪಿಶವಿ: ನೋಟು, ಚಿಲ್ಲರ, ಒಂದು ಸೂಜಿದಾರ.
ಮೂವತ್ತೊಂಬತ್ತಕ್ಕ ಇನ್ನೊಂದು ಹೋತು.
ನಮ್ಮ ಕಡೆ ಹಂಗಽ ಅಂತಾರ, ಅಕೀದು ಪಿಶವಿ ತಗದಾರ,
ಬಸ್‌ಸ್ಟ್ಯಾಂಡಿನಾಗ ಕಳುವಾದಂಗ.
ಗಂಟಿದ್ದೂವು, ರಕ್ತ ನಿಲ್ಲತಿರಲಿಲ್ಲ,
ತಗದದ್ದಕ್ಕ ಸಿಟ್ಟಿಲ್ಲ.
ಜೋಡಿಗೆ ಅಂಡಾಶಯ ಎರಡೂ ಹೋಗಿದ್ದು
ಡಿಸ್ಚಾರ್ಜ್ ಕಾಗದದ ಏಳನೇ ಸಾಲಿನಾಗಿತ್ತು.
ಸಹಿ ನಂದಽ.
ಇಲ್ಲೆ, ಇಲ್ಲೆ, ಇಲ್ಲೆ, ಅಂತ ಬೆರಳಿಟ್ಟು ತೋರಿಸಿದ್ರು.
ದಿನಾ ನೂರಾರು ಮಂದಿ ಚಿಲ್ಲರ ಎಣಿಸಾಕಿ
ಅವತ್ತ ಎಣಿಸಲಿಲ್ಲ.

ಮೈ ಬೆಂಕಿ ಹತ್ತಿ ಆರತೈತಿ ಅಂತ ಎಲ್ಲಾರೂ ಹೇಳಿದ್ರು.
ಇದನ್ನ ಯಾರೂ ಹೇಳಲಿಲ್ಲ:
ರೇವಪ್ಪನ ಕೈ ನಡದ ಮ್ಯಾಲೆ ಬಂದ್ರ
ಖಾಲಿ ಸೀಟಿಗೆ ಯಾರೋ ಕಿಡಕ್ಯಾಗಿಂದ ಟಾವೆಲ್ ಒಗದಂಗ.
ಅವ ಚಾದರ ಕಾರಖಾನ್ಯಾಗ ನೂಲಿಗೆ ಬಣ್ಣ ಹಾಕಾಂವ,
ಉಗುರು ನೀಲಿ, ಹಬ್ಬಕ್ಕೂ ನೀಲಿ.
ಆ ಉಗುರಿಗೆ ನಾನು ಒಂದು ಕಾಲಕ್ಕ...
ಇರಲಿ.
ಅವ ಏನೂ ಕೇಳಲಿಲ್ಲ, ಗ್ವಾಡಿ ಕಡೆ ಹೊಳ್ಳಿದ.
ಡಾಕ್ಟರ ಕಡೆ ನಾನಽ ಹೋದೆ,
ರಜಾ ಅರ್ಜಿಯಾಗ ಮೊಣಕಾಲು ನೋವು ಅಂತ ಬರದು.

ಪಟ್ಟಿ ಹಚ್ಚತೀರಲ್ಲ ಈಸ್ಟ್ರೋಜನ್ನಿಂದು, ಅದಿರಲಿ, ಅಂದ್ಲು.
ಅದರ ಜೋಡಿ ಇನ್ನೊಂದು. ಟೆಸ್ಟೋಸ್ಟೆರಾನ್.
ಗಂಡಸರದ್ದಲ್ರೀ ಅದು?
ನಿಮ್ಮದೂ ಇತ್ತು, ಆ ಎರಡರಾಗ.
ನಿಮ್ಮದೂ ಇತ್ತು.
ವಳಸಂಗ ದಾಟೂತನಕ ಅದನ್ನ ಬಾಯಾಗ ಇಟ್ಕೊಂಡು ಬಂದೆ,
ಲಿಂಬಿ ಪೇಪರಮಿಂಟಿನಂಗ, ಕಡೀದಽ.

ಡಬ್ಬಿ ಮ್ಯಾಲೆ ರಟ್ಟಿ ಉಬ್ಬಿಸಿದ ಗಂಡಸು.
ಯಜಮಾನ್ರಿಗೇನು? ಅಂದ ಅಂಗಡ್ಯಾಂವ, ದನಿ ಇಳಿಸಿ.
ಹೌದು, ಅಂದೆ. ಪಾಪ ರೇವಪ್ಪ.
ಹೆಂಗಸರ ಅಳತೀದು ಅವನ ಕಪಾಟಿನಾಗ ಇರಲಿಲ್ಲ,
ಗಂಡಸಿನ ಒಂದು ದಿನದ ಪಾಕೀಟು ನನಗ ಹತ್ತು ದಿನ.
ಹೆಂಗಸರಿಗೆ ಅರ್ಧಾ ಟಿಕೀಟು ಕೊಡಾಕಿ ನಾನು,
ಹತ್ತನೇ ಪಾಲಿನ ಟಿಕೀಟು ಇದಽ ಮೊದಲು.
ಕಡ್ಲಿಬ್ಯಾಳಿಯಷ್ಟು ಮೀನಖಂಡಕ್ಕ ತಿಕ್ಕಿ
ಕೈ ತೊಳಕೊಂಡು ಮಲಗೂದು.
ಗದ್ದದ ಕೂದಲ ನೋಡ್ಕೋರಿ, ಮೊಡವಿ ನೋಡ್ಕೋರಿ,
ಆರು ವಾರಕ್ಕ ರಕ್ತ ತೋರಿಸ್ರಿ,
ಆರು ತಿಂಗಳಿಗೂ ಏನಿಲ್ಲಂದ್ರ ಬಿಟ್ಟುಬಿಡೂಣು.

ಒಂದು ತಿಂಗಳು ಏನಿಲ್ಲ.
ಎರಡನೇದಕ್ಕ ಗದ್ದದಾಗ ಒಂಟಿ ಕರೀ ಕೂದಲ. ಕಿತ್ತೆ.
ಮಗಳು ನಕ್ಕಳು, ಅವ್ವಾ, ಮೀಸಿ ಯಾವಾಗ?
ಮೂರನೇದು, ಮಂಗಳವಾರ, ಮೈಂದರ್ಗಿಯಾಗ
ಕಲ್ಲಂಗಡಿ ಮಾರಾಂವ ಒಬ್ಬ ಚೀಲ ಎತ್ತಿ ಒಳಗಿಟ್ಟ.
ಮುಂಗೈ, ಅಷ್ಟಽ.
ಬೆವತ ಮುಂಗೈ, ಅದರ ಮ್ಯಾಲೆ ಹಸಿ ಮಣ್ಣಿನ ಒಂದು ಗೆರಿ.
ಕಿಬ್ಬೊಟ್ಟ್ಯಾಗ ಯಾರೋ ಗಂಟಿ ಹಗ್ಗ ಜಗ್ಗಿದ್ರು,
ಒಂದಽ ಸಲ.
ಇಪ್ಪತ್ತು ಹೊಳ್ಳಿ ಕೊಡೂದಿತ್ತು, ಐವತ್ತು ಕೊಟ್ಟೆ.
ಅವ ನೋಟು ಮುಂದ ಹಿಡದ:
ಬಾಯಿ, ಲಕ್ಷ್ಯ ಎಲ್ಲೈತಿ?
ಕಿಡಕ್ಯಾಗ ನಕ್ಕದ್ದು ನಾನಽ, ಗುರ್ತು ಹತ್ತಲಿಲ್ಲ.
ಆ ಮುಂಗೈಗೆ ಒಂದು ಋಣ ಇರಲಿ, ಹೆಸರು ಬ್ಯಾಡ.

ರಾತ್ರಿ ರೇವಪ್ಪ ಮೋರಿ ಹತ್ರ ಕುಂತು
ಕಲ್ಲಿನಿಂದ ಉಗುರು ತಿಕ್ಕತಿದ್ದ, ಹೋಗದ ನೀಲಿ.
ಒಂದು ಗಂಟಿ ಅಂದ್ರ ನಿಲ್ಲು.
ಎರಡಂದ್ರ ನಡಿ.
ಡಿಪೋದಾಗ ಮೊದಲ ದಿನ ಕಲಿಸಿದ್ದು ಇದು.
ಅವನ ಕೈಯಾಗಿನ ಕಲ್ಲು ಕಸಗೊಂಡೆ.
ಬಿಡು, ಇರಲಿ ಆ ಬಣ್ಣ, ಅಂದೆ.
ಅವ ತಲಿ ಎತ್ತಿ ನೋಡಿದ,
ಇಳಿಯೂ ಹೊತ್ತಿಗೆ ಚಿಲ್ಲರ ಕೇಳಾಕ ನಾಚೂ ಪ್ರಯಾಣಿಕನಂಗ.