ನಿನ್ನೆ ರಾತ್ರಿ ಇಲ್ಲಿ ಮಲಗಿದವರು

ಬಾರಕೂರು ದಾಟಿ, ಸೀತಾನದಿ ಉಪ್ಪಾಗುವಲ್ಲಿ
ಒಂದು ಕುದ್ರು. ನಕ್ಷೆಯಲ್ಲಿ ಅದು
ಯಾರೋ ಪೆನ್ನು ಕೊಡವಿದಾಗ ಬಿದ್ದ ಚುಕ್ಕೆ.
ಚಾಕ್‌ಪೀಸು ಇಳಿಸಿ, ಸರಕಾರದ ಚೀಲ ಹೆಗಲಿಗೇರಿಸಿ
ಜನ ಎಣಿಸಲು ಹೊರಟೆ.

ಮೊದಲು ಸಿಕ್ಕವನು ದೋಣಿಯ ಬೂದ.
"ನನ್ನನ್ನು ಯಾವ ದಡಕ್ಕೆ ಬರೆಯುತ್ತೀರಿ ಟೀಚರೇ?
ರೇಷನ್ ಕಾರ್ಡು ಆಚೆ, ಹೆಂಡತಿ ಈಚೆ,
ನಿದ್ದೆ ಇದರಲ್ಲೇ" ಎಂದು
ಹುಟ್ಟಿನಿಂದ ಹಲಗೆ ತಟ್ಟಿದ.
ನನ್ನ ಫಾರಮಿನಲ್ಲಿ ಹುಟ್ಟಿಗೆ ಒಂದೇ ಅರ್ಥ.

ಮನೆ ಹದಿನೇಳು. ಬೀಗ ಆರಕ್ಕೆ.
ಒಂದರ ಬೀಗದ ಕಣ್ಣಿಗೆ
ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು.
ಅದನ್ನು ಬರೆಯಲು ಕಾಲಂ ಇಲ್ಲ.

ಸುಕ್ರಿಬಾಯಿ ಮರುವಾಯಿ ತೊಳೆಯುತ್ತಿದ್ದಳು.
ವಯಸ್ಸು?
"ದೊಡ್ಡ ನೆರೆ ಬಂದಾಗ ಅಬ್ಬೆಯ ಸೊಂಟದ ಮೇಲಿದ್ದೆ."
ಯಾವ ನೆರೆಯೋ! ಎಪ್ಪತ್ತೊಂದು ಎಂದು ಬರೆದೆ.
ಮಾತೃಭಾಷೆ?
"ನಮ್ಮ ಮಾತು."
ಹೆಸರು ಬೇಕು ಅಜ್ಜಿ, ಕೊಂಕಣಿ ಎನ್ನಲೇ?
"ಅದು ಪೇಟೆಯವರದು. ನಮ್ಮವರು ಓಡಿ ಬರುವಾಗ
ಅಂಗಿಯ ಗುಂಡಿಯೆಲ್ಲ ದಾರಿಯಲ್ಲಿ ಕಿತ್ತುಹೋಯಿತು.
ನಾವು ನಾರು ಕಟ್ಟಿಕೊಂಡೆವು."
ಕುಡುಬಿ ಎಂದು ಬರೆದೆ. ಮೇಲಿನವರು ಅದನ್ನು
ದೊಡ್ಡ ಡಬ್ಬಿಗೆ ಸುರಿಯುತ್ತಾರೆ, ಗೊತ್ತು.
ಏರುನೀರು ನಿಂತು, ಇನ್ನೂ ಇಳಿಯದ
ಆ ಒಂದು ಗಳಿಗೆಗೆ ಅವರಲ್ಲಿ ಪದವಿದೆ.
ಎರಡು ಸಲ ಹೇಳಿದಳು.
ಕಿವಿಗೆ ಬಂತು, ಪೆನ್ನಿಗೆ ಬರಲಿಲ್ಲ.

ಕೊನೆಯ ಮನೆಯಲ್ಲಿ ಆಂತು ನಾಯ್ಕ
ಗುಮಟೆಗಳನ್ನು ಬಿಸಿಲಿಗೆ ಇಟ್ಟಿದ್ದ. ಹೋಳಿಗೆ ಇನ್ನು ಹದಿನೈದು ದಿನ.
"ನಿಮ್ಮ ಲೆಕ್ಕ ಇರಲಿ, ನನ್ನದು ಕೇಳಿ.
ಗುಮಟೆ ಹನ್ನೊಂದು, ಬಾರಿಸುವವರು ಏಳು.
ಉಳಿದ ನಾಲ್ಕು ಹೆಂಗಸರು ಹಿಡಿಯಲಿ ಎಂದರೆ
ಹಿರಿಯರು ಎರಡು ವರ್ಷದಿಂದ
ಯೋಚನೆ ಮಾಡುತ್ತಿದ್ದಾರೆ."
ಒಳಗೆ ಸೊಸೆ, ಅಕ್ಕಿ ಅಳೆಯುವ ಸೇರನ್ನು ಬೋರಲು ಹಾಕಿ
ಮೆಲ್ಲಗೆ ಬೆರಳಾಡಿಸುತ್ತಿದ್ದಳು.
ಏಳು ಜನ ಬಾರಿಸುವುದಷ್ಟೂ ಅದರಲ್ಲಿತ್ತು,
ಒಂದು ಪೆಟ್ಟೂ ಜಾರದೆ.
ಅವಳ ಹೆಸರಿನ ಮುಂದೆ "ಮನೆಗೆಲಸ" ಎಂದು
ನಾನಾಗಲೇ ಬರೆದಾಗಿತ್ತು.

ಗಂಡು ಇಪ್ಪತ್ತಾರು. ಹೆಣ್ಣು ಮೂವತ್ತೊಂದು.
ದೋಣಿ ಹತ್ತುವಾಗ ನೀರು
ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ.
ಬೂದ ಮಾತಾಡದೆ ಹುಟ್ಟು ಹಾಕಿದ.
ಅವನನ್ನು ಆಚೆ ದಡದ ಟೀಚರು ಬರೆದಿರಬಹುದು,
ಬರೆಯದೆಯೂ ಇರಬಹುದು.
ಇಪ್ಪತ್ತಾರನ್ನು ಹೊಡೆದು ಇಪ್ಪತ್ತೇಳು ಮಾಡಿದೆ.
ವಿಳಾಸದ ಜಾಗದಲ್ಲಿ ಪೆನ್ನು
ಸ್ವಲ್ಪ ಹೊತ್ತು ಹಾಗೇ ನಿಂತಿತು.