ಎರಡು ಕಣ್ಣಿನ ನಡುವಿನ ದೂರ

ಶಿವರಾಂಪೇಟೆಯ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ
ಮೂವತ್ತೊಂದು ವರ್ಷ ಕರಡು ತಿದ್ದಿದ್ದೇನೆ.
ವರನ ತಂದೆಗೆ ಶ್ರೀ, ತೀರಿಹೋದ ತಾತನಿಗೆ ದಿವಂಗತ,
ಅದಲುಬದಲಾದರೆ ಛತ್ರದಲ್ಲೇ ಹೊಡೆದಾಟ.

ಎಡವಿದ್ದು ಒಂದೇ ಸಲ.
ಧರಣೇಂದ್ರಯ್ಯನವರ ಮಗಳ ಮದುವೆ,
ಇಪ್ಪತ್ತೊಂದರ ಮುಹೂರ್ತ ಹನ್ನೆರಡಾಗಿ
ಐನೂರು ಕಾರ್ಡು ಅಚ್ಚಾಗಿಬಿಟ್ಟಿತ್ತು.
ಬೈಯಲೆಂದೇ ಬಂದವರು
ಕಾರ್ಡನ್ನು ತೋಳಳತೆ ದೂರ ಹಿಡಿದು
ತಪ್ಪೆಲ್ಲಿದೆ ಎಂದು ತಡಕುತ್ತಿದ್ದ ನನ್ನನ್ನು ನೋಡಿದರು.
"ತಪ್ಪು ನಿಮ್ದಲ್ಲ ಮಂಟಯ್ಯ, ಕಣ್ಣಿಂದು. ಏಳಿ."

ಎದುರು ಸಾಲಿನ ಅವರ ಅಂಗಡಿ,
ಕಬ್ಬಿಣದ ಪರೀಕ್ಷೆ ಚೌಕಟ್ಟು ಮೂಗಿಗೇರಿಸಿ
ಗಾಜು ಹಾಕಿ, ಗಾಜು ತೆಗೆದು,
"ಇದು ವಾಸಿಯೋ, ಅದು ವಾಸಿಯೋ?"
ನನಗೆ ಹೆಣ್ಣು ಗೊತ್ತು ಮಾಡಿದಾಗಲೂ
ಅಷ್ಟು ನಯವಾಗಿ ಯಾರೂ ಕೇಳಿರಲಿಲ್ಲ.

ಹನ್ನೊಂದು ವರ್ಷ, ನಾಲ್ಕು ಕನ್ನಡಕ.
ಐದನೆಯದಕ್ಕೆ ಅವರು ಹೇಳಿದ್ದು ಮೂರು ಸಾವಿರದ ನಾನೂರು.
ಮೊಬೈಲು ಹೇಳಿದ್ದು ಒಂಬೈನೂರ ತೊಂಬತ್ತೊಂಬತ್ತು,
ಒಂದು ಕೊಂಡರೆ ಇನ್ನೊಂದು ಬಿಟ್ಟಿ.
ನನ್ನ ಸಂಬಳವೂ ಅಷ್ಟಕ್ಕಷ್ಟೆ,
ಈಗ ಜನ ಮದುವೆಗೆ ಕರೆಯುವುದೂ ಮೊಬೈಲಿನಲ್ಲೇ ತಾನೆ.

ಚೀಟಿ ನೋಡಿ ಪ್ಲಸ್ಸು ಮೈನಸ್ಸು ತುಂಬಿದೆ.
ಕೊನೆಯ ಖಾನೆಯಲ್ಲಿ ಸಿಕ್ಕಿಬಿದ್ದೆ:
ಎರಡು ಕಣ್ಣುಪಾಪೆಗಳ ನಡುವಿನ ದೂರ, ಮಿಲಿಮೀಟರಿನಲ್ಲಿ.
ಅದು ಚೀಟಿಯಲ್ಲಿರಲಿಲ್ಲ,
ಅವರ ಉದ್ದ ಲೆಕ್ಕದ ಪುಸ್ತಕದಲ್ಲಿತ್ತು.
ಕೇಳಲು ಯಾವ ಬಾಯಿ?

ಪ್ರೆಸ್ಸಿನ ಉಕ್ಕಿನ ಸ್ಕೇಲು ಮನೆಗೊಯ್ದೆ.
ಪುಟ್ಟಗೌರಿ ಅದನ್ನು ನನ್ನ ಹುಬ್ಬಿಗೆ ಆನಿಸಿ
"ಅಲುಗಾಡಬೇಡಿ, ನನ್ನನ್ನೇ ನೋಡಿ" ಎಂದಳು.
ನೋಡಿದೆ.
ಎಷ್ಟು ವರ್ಷವಾಗಿತ್ತೋ ಹಾಗೆ ನೋಡಿ.
ಮೊದಲ ಸಲ ಐವತ್ತೆಂಟು,
ಎರಡನೆಯ ಸಲ ಅರವತ್ತಾರು,
ಮೂರನೆಯ ಸಲ ಇಬ್ಬರಿಗೂ ನಗು.
ಎರಡರ ನಡುವೆ ಅರವತ್ತೆರಡು ಎಂದು ಒತ್ತಿದೆ.

ನಾಲ್ಕನೇ ದಿನ ಡಬ್ಬ ಬಂತು.
ಸುಳ್ಳೇಕೆ ಹೇಳಲಿ, ಚೆನ್ನಾಗೇ ಇದೆ,
ಒತ್ತಕ್ಷರದ ಬಾಲದ ತುದಿಯೂ ಕಾಣುತ್ತದೆ.
ಎಡಗಿವಿಯ ಹಿಂದೆ ಮಾತ್ರ ಇರುವೆಯಂತೆ ಕಚ್ಚುತ್ತದೆ,
ಬಗ್ಗಿದರೆ ಜಾರಿ ಹುಳಿಯ ಬಟ್ಟಲಿಗೆ.
ಅಂದಿನಿಂದ ಮನೆಗೆ ಸುತ್ತು ದಾರಿ,
ಹಾಲಿನ ಬೂತಿನ ಸಂದಿಯಿಂದ.

ಮೊನ್ನೆ ಸೋಮವಾರ ಮೇಜಿನ ಮೇಲೊಂದು ಕರಪತ್ರದ ಕರಡು:
"ಆನ್‌ಲೈನಿನಲ್ಲಿ ಕೊಂಡ ಕನ್ನಡಗಳನ್ನು
ಇಲ್ಲಿ ಸರಿ ಮಾಡಿಕೊಡಲಾಗುವುದು.
ಐವತ್ತು ರೂಪಾಯಿ ಮಾತ್ರ.
ಧರಣೇಂದ್ರ ಆಪ್ಟಿಕಲ್ಸ್."

ಒಂದು ಕ ಬಿದ್ದುಹೋಗಿತ್ತು.
ನಗು ಬಂತು, ಅರ್ಧಕ್ಕೇ ನಿಂತಿತು.
ಕನ್ನಡ ಸರಿ ಮಾಡುವ ಕೂಲಿ ನನ್ನದು,
ಕನ್ನಡಕದ್ದು ಅವರದು,
ನಡುವೆ ಒಂದೇ ಅಕ್ಷರ.
ಕೆಂಪು ಮಸಿಯಲ್ಲಿ ಅದನ್ನು ಸೇರಿಸಿದೆ.
ಪ್ರೆಸ್ಸಿನ ಹುಡುಗ ರಜ.
ನಾನೇ ಹೋಗಬೇಕಾಯಿತು.

ಮೆಟ್ಟಿಲ ಬಳಿ ಕನ್ನಡಕ ಕಳಚಿ ಜೇಬಿಗಿಳಿಸಿದೆ.
"ಓದಿ ಹೇಳಿ, ಎಲ್ಲ ಸರಿ ಇದೆಯಾ" ಎಂದರು.
ಮತ್ತೆ ತೋಳಳತೆ ದೂರ ಹಿಡಿದು
ಬಾಯಿಪಾಠ ಒಪ್ಪಿಸಿದೆ, ಫೋನ್ ನಂಬರಿನ ಸಮೇತ.
ಅವರು ಹಾಳೆ ನೋಡುತ್ತಿರಲಿಲ್ಲ,
ನನ್ನ ಮೂಗಿನ ಮೇಲಿನ
ಎರಡು ಕೆಂಪು ಗುಳಿಗಳನ್ನು ನೋಡುತ್ತಿದ್ದರು.

ಬಿಸಿ ಉಪ್ಪಿನ ಬಾಣಲೆಯ ಸ್ವಿಚ್ಚು ಒತ್ತಿ ಕೈ ಚಾಚಿದರು.
"ಕೊಡಿ. ಎಡಗಿವಿ ತಾನೆ?
ಬೋಣಿ ನಿಮ್ಮದೇ ಆಗ್ಲಿ."

ಕಡ್ಡಿ ಉಪ್ಪಿನಲ್ಲಿ ಮುಳುಗಿ, ಮೆತ್ತಗಾಗಿ,
ನನ್ನ ಕಿವಿಯ ತಿರುವು ಕಲಿತು ಬಂತು.
ಐವತ್ತರ ನೋಟು ಗಲ್ಲಾಕ್ಕೆ ಹೋಯಿತು,
ಬೇಡವೆನ್ನಲಿಲ್ಲ, ನನಗದು ಹಿತವಾಯಿತು.
ಆಮೇಲೆ ಉದ್ದ ಪುಸ್ತಕ ತೆರೆದು, ಬೆರಳಾಡಿಸಿ,
ಕರಡಿನ ಅಂಚಿನಲ್ಲೇ ಬರೆದುಕೊಟ್ಟರು:
ಅರವತ್ತಮೂರು.
"ಇಟ್ಕೊಳ್ಳಿ. ಮುಂದಿನ ಸಲ ಬೇಕಾಗುತ್ತೆ."

ಒಂದೇ ಮಿಲಿಮೀಟರು ತಪ್ಪಿದ್ದಳು ಪುಟ್ಟಗೌರಿ.